ಹದಿನೈದು ದಿನದ ನಾಯಿ

ನಮ್ಮ ಚಿಕ್ಕಮ್ಮನಿಗೆ ಸಂಬಳ ಬರುತ್ತಿದ್ದುದೇ ಅನುಮಾನಪಡುವುದಕ್ಕೆ. ಬಟ್ಟೆ ಗಿರಣಿಯಲ್ಲಿ ಅವಳದು ತಪಾಸಣೆಯ ಮೇಜು. ಮೇಜಿನ ಮೇಲ್ಭಾಗ ಗಾಜು, ಗಾಜಿನ ಅಡಿಯಲ್ಲಿ ಟ್ಯೂಬ್‌ಲೈಟು. ಮಗ್ಗದಿಂದ ಇಳಿದ ಬಟ್ಟೆ ಆ ಬೆಳಕಿನ ಮೇಲೆ ನಿಧಾನವಾಗಿ ಹರಿಯುತ್ತಿದ್ದರೆ ಇವಳು ಎರಡೂ ಕೈ ಚಾಚಿ, ತುಸು ಬಾಗಿ, ಅದರಲ್ಲಿ ಏನು ಕೆಟ್ಟಿದೆ ಎಂದು ಹುಡುಕುತ್ತಾ ನಿಂತಿರಬೇಕು. ತಪ್ಪಿದ ಎಳೆ, ಎಣ್ಣೆಯ ಕಲೆ, ಗುಂಡುಪಿನ್ನಿನ ತಲೆಯಷ್ಟು ತೂತು. ಹತ್ತೊಂಬತ್ತು ವರ್ಷ ಅದೇ ಕೆಲಸ. ಮನೆಗೆ ಬಂದ ಮೇಲೂ ಆ ಕಣ್ಣು ಮುಚ್ಚುತ್ತಿರಲಿಲ್ಲ. ಟೊಮೇಟೊ ಕೊಂಡರೆ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನಾನು ಪಾಸಾದೆ ಎಂದು ಅಂಕಪಟ್ಟಿ ತೋರಿಸಿದರೆ ಅದರ ಹಿಂಬದಿಯನ್ನೂ ತಿರುಗಿಸುತ್ತಿದ್ದಳು.

ಅವಳ ಮನೆಯಲ್ಲಿ ನಾಲ್ಕು ಜನ. ಚಿಕ್ಕಪ್ಪ ಅದೇ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುವ ಮೇಸ್ತ್ರಿ. ಚಿಕ್ಕಪ್ಪನ ತಾಯಿ, ನಾವೆಲ್ಲ ಅಜ್ಜಿ ಎನ್ನುವವಳು, ಮೂವತ್ತು ವರ್ಷ ಮಗ್ಗ ನಡೆಸಿ ಮನೆಯಲ್ಲಿ ಕೂತವಳು. ಕೊನೆಗೆ ಏಳು ವರ್ಷದ ಪುಟ್ಟಿ.

ಮಗ್ಗದ ಶೆಡ್ಡಿನಲ್ಲಿ ನೂರಾರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದವರ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಅಲ್ಲಿಯವರು ಕೈಯಲ್ಲೇ ಮಾತಾಡುತ್ತಾರೆ. ಅಂಗೈಯನ್ನು ಕೆಳಮುಖವಾಗಿ ಒತ್ತಿದರೆ ನಿಲ್ಲಿಸು. ಎರಡು ಬೆರಳು ಉಜ್ಜಿದರೆ ನೂಲು ಹರಿದಿದೆ. ಭುಜ ತಟ್ಟಿಕೊಂಡರೆ ಸೂಪರ್‌ವೈಸರ್ ಬರುತ್ತಿದ್ದಾನೆ, ಜೋಕೆ. ಈ ಭಾಷೆ ಕೆಲಸದವರ ಜತೆ ಮನೆಗೂ ಬಂದುಬಿಟ್ಟಿತ್ತು. ಆ ಮನೆಯಲ್ಲಿ ಬಾಯಿ ಆಡಿದರೆ ಕೈಯೂ ಆಡುತ್ತಿತ್ತು. 'ಬಾ' ಎನ್ನುವಾಗ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತಿದ್ದವು. 'ಊಟ' ಎಂದರೆ ಕೈ ಬಾಯಿಯವರೆಗೆ ಹೋಗಿ ಬರುತ್ತಿತ್ತು. ಪುಟ್ಟಿ ಗಿರಣಿಯ ಗೇಟು ಕೂಡ ದಾಟಿದವಳಲ್ಲ, ಆದರೆ ಮಾತು ಕಲಿತದ್ದೇ ಹಾಗೆ. ಶಾಲೆಯಲ್ಲಿ ಪದ್ಯ ಹೇಳು ಎಂದರೆ ಅರ್ಧ ಕೈಯಲ್ಲಿ ಹೇಳಿ ಕೂತುಬಿಡುತ್ತಿದ್ದಳಂತೆ.

ಆ ಮೂವತ್ತು ವರ್ಷಗಳಲ್ಲಿ ಮಗ್ಗ ಅಜ್ಜಿಯ ಕಿವಿಯನ್ನು ತಿಂದುಹಾಕಿತ್ತು. ಅದನ್ನು ಅವಳ ಎದುರಿಗೆ ಹೇಳುವಂತಿರಲಿಲ್ಲ.

"ನಂಗೆ ಚೆನ್ನಾಗೇ ಕೇಳುತ್ತೆ. ನೀವೇ ಬಾಯೊಳಗೆ ಗೊಣಗ್ತೀರ," ಎಂದು ಸಿಡುಕುತ್ತಿದ್ದಳು.

ಒಂದು ಮಧ್ಯಾಹ್ನ ಗ್ಯಾಸ್ ಸಿಲಿಂಡರಿನವನು ತಟ್ಟಿ ತಟ್ಟಿ ಸಾಕಾಗಿ, ತೆರೆದೇ ಇದ್ದ ಬಾಗಿಲಿನಿಂದ ಸಿಲಿಂಡರು ಹೊತ್ತು ಅಡುಗೆಮನೆಯವರೆಗೆ ಬಂದ. ಒಲೆಯ ಮುಂದಿದ್ದ ಅಜ್ಜಿ ತಿರುಗಿದರೆ ಬೆನ್ನ ಹಿಂದೆಯೇ ಗಂಡಸು! ಕೈಯಲ್ಲಿದ್ದ ಸೌಟು ಬೀಸಿಯೇ ಬಿಟ್ಟಳು. ಅವನ ಹಣೆ ಊದಿತು, ಬೀದಿ ಒಂದು ವಾರ ನಕ್ಕಿತು. ಅಜ್ಜಿ ಮಾತ್ರ ನಗಲಿಲ್ಲ. ಅವತ್ತಿನಿಂದ ಎಲ್ಲರೂ ಹೊರಟ ಕೂಡಲೇ ಒಳಗಿನಿಂದ ಅಗುಳಿ ಹಾಕಿಕೊಂಡರೆ ಮುಗಿಯಿತು. ಸಂಜೆ ಚಿಕ್ಕಮ್ಮ ಬಂದು ಕಿಟಕಿಯ ಸರಳಿನೊಳಗೆ ಕೈ ತೂರಿಸಿ ಬೀಸುವವರೆಗೆ ಬಾಗಿಲು ತೆರೆಯುತ್ತಿರಲಿಲ್ಲ. ಮೂರು ಗಂಟೆಗೆ ಶಾಲೆಯಿಂದ ಬರುವ ಪುಟ್ಟಿಗೆ ಆ ಕಿಟಕಿ ಎಟುಕದು. ಅವಳು ಎರಡೂವರೆ ಗಂಟೆ ಮೆಟ್ಟಿಲ ಮೇಲೆ ಕೂರಬೇಕಾಯಿತು. ನಾಲ್ಕನೆಯ ದಿನ ಕೂತು ಬೇಸತ್ತು ಅಮ್ಮನನ್ನು ಹುಡುಕಿಕೊಂಡು ದೊಡ್ಡ ರಸ್ತೆಗೆ ನಡೆದಳು. ಯಾರೋ ಬಸ್ ಡ್ರೈವರು ಗುರುತು ಹಿಡಿದು ಕರೆತಂದು ಬಿಟ್ಟರು.

ಚಿಕ್ಕಮ್ಮ ದೀಪ ಹೊತ್ತಿ ಆರುವ ಕರೆಗಂಟೆ ತಂದು ಹಾಕಿಸಿದಳು. ಅಜ್ಜಿ ಎರಡೇ ದಿನದಲ್ಲಿ ಅದರ ತಂತಿ ಕಿತ್ತಳು. "ನಾನು ಕಿವುಡಿ ಅಂತ ಬೀದಿಗೆಲ್ಲಾ ದೀಪ ಹಚ್ಚಿ ಸಾರಬೇಕಾ?"

"ಇನ್ನೊಂದ್ಸಲ ಮಗು ಹೊರಗೆ ನಿಂತ್ರೆ ನೀನು ಕೆಲಸ ಬಿಟ್ಬಿಡು," ಎಂದ ಚಿಕ್ಕಪ್ಪ.

"ನೀವು ಬಿಡಿ."

"ನಾನು ಬಿಟ್ರೆ ಮಗ್ಗ ರಿಪೇರಿ ಮಾಡೋರು ಯಾರು?"

"ನಾನು ಬಿಟ್ರೆ ನೀವು ರಿಪೇರಿ ಮಾಡಿದ ಮಗ್ಗದ ತಪ್ಪು ಹಿಡಿಯೋರು ಯಾರು?"

ಚಿಕ್ಕಪ್ಪ ನಕ್ಕ, ಆದರೆ ಮಾತು ಹಿಂತೆಗೆದುಕೊಳ್ಳಲಿಲ್ಲ. ಚಿಕ್ಕಮ್ಮ ಒಂದು ತಿಂಗಳ ಗಡುವು ಕೇಳಿದಳು. ಆ ಬೆಳಕಿನ ಮೇಜಿನ ಮುಂದೆ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ. ಇಡೀ ಗಿರಣಿ ಅವಳ ಕಣ್ಣಿಗೆ ಹೆದರುತ್ತಿತ್ತು. ಅದನ್ನು ಬಿಟ್ಟು ಅಗುಳಿ ತೆಗೆಯಲು ಮನೆಯಲ್ಲಿ ಕೂರುವ ಹೆಂಗಸಲ್ಲ ಅವಳು.

ನಾಯಿಯ ಯೋಚನೆ ಬಂದದ್ದು ಹೀಗೆ. ಬಾಗಿಲು ತಟ್ಟಿದರೆ ನಾಯಿಗೆ ಕೇಳಿಸುತ್ತದೆ. ಅದು ಹೋಗಿ ಅಜ್ಜಿಯನ್ನು ಎಬ್ಬಿಸುತ್ತದೆ. ಅಜ್ಜಿಗೆ ಮಾತ್ರ "ಪುಟ್ಟಿಗೆ ನಾಯಿ ಬೇಕಂತೆ" ಎಂದು ಹೇಳಿದ್ದಾಯಿತು.

"ಈ ಮನೆಗಾ? ನಾಯೀನಾ?" ಅಜ್ಜಿ ಮೂಗು ಮುರಿದಳು. "ನಾವೇ ಒಬ್ಬರ ಕಾಲು ಒಬ್ಬರು ತುಳೀತಿದೀವಿ."

ಚಿಕ್ಕಮ್ಮ ನಾಯಿ ಹುಡುಕಿದ ರೀತಿಯನ್ನು ಕಂಡವರು ಮದುವೆಗೆ ಗಂಡು ಹುಡುಕುತ್ತಿದ್ದಾಳೆ ಎಂದುಕೊಳ್ಳಬೇಕು. ಪಕ್ಕದ ಬೀದಿಯ ಟೈಲರು ಮರಿ ಕೊಡುತ್ತೇನೆಂದರೆ, "ಮರಿ ಕಾವಲು ಕಾಯೋಕೆ ಒಂದು ವರ್ಷ ಬೇಕು. ಅಲ್ಲೀವರೆಗೆ ಮರೀನ ಕಾಯೋರು ಯಾರು?" ಎಂದಳು. ಜತೆಗೆ ಕೆಲಸ ಮಾಡುವವಳೊಬ್ಬಳು ಜಾತಿನಾಯಿಯ ಗುಣಗಾನ ಮಾಡಿದರೆ, "ಅಷ್ಟು ಒಳ್ಳೇದಾದ್ರೆ ನೀವ್ಯಾಕೆ ಕೊಡ್ತಿದೀರ?" ಎಂದು ಅವಳ ಬಾಯಿ ಮುಚ್ಚಿಸಿದಳು. ಕೊನೆಗೆ ಊರಾಚೆ, ದಿಕ್ಕಿಲ್ಲದ ನಾಯಿಗಳನ್ನು ಸಾಕುವ ನಾಯಿಮನೆಗೆ ಹೋದಳು. ಒಂದಲ್ಲ, ಮೂರು ಭಾನುವಾರ.

ಅಲ್ಲಿ ಉದ್ದಕ್ಕೆ ಎರಡು ಸಾಲು ಗೂಡುಗಳು. ಕಾಲಿಟ್ಟರೆ ಸಾಕು, ಎಪ್ಪತ್ತು ನಾಯಿ ಒಟ್ಟಿಗೆ ಬೊಗಳುತ್ತಿದ್ದವು. ತಗಡಿನ ಚಾವಣಿಯ ಕೆಳಗೆ ಆ ಸದ್ದು ಸೇರಿ ಮಗ್ಗದ ಶೆಡ್ಡೇ ಆಗಿಹೋಗಿತ್ತು. ಅದನ್ನು ನಡೆಸುವ ಮೇಡಂ ಏನೋ ಹೇಳುತ್ತಿದ್ದರು. ಚಿಕ್ಕಮ್ಮ ಗೊತ್ತಿಲ್ಲದೆಯೇ ಕೈಯಲ್ಲಿ ಉತ್ತರ ಕೊಡುತ್ತಿದ್ದಳು. ಮೇಡಂ ಆ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಹಿಂದಿನ ಸಾಲಲ್ಲಿ ಒಂದಿದೆ, ಬನ್ನಿ," ಎಂದರು.

ಅಪ್ಪಟ ಬಿಳಿ ನಾಯಿ, ಮೂಗು ಮಾತ್ರ ಗುಲಾಬಿ. ಅಷ್ಟು ಗದ್ದಲದ ನಡುವೆ ಅದು ಮುಂಗಾಲಿನ ಮೇಲೆ ಗಲ್ಲವಿಟ್ಟು ನಿದ್ದೆ ಮಾಡುತ್ತಿತ್ತು. ಚಿಕ್ಕಮ್ಮನಿಗೆ ಮೊದಲ ನೋಟಕ್ಕೇ ಹಿಡಿಸಿತು. ಶೆಡ್ಡಿನಲ್ಲಿ ಹೊಸಬರು ಸದ್ದಿಗೆ ಬೆಚ್ಚಿಬಿದ್ದು ಎಡವಟ್ಟು ಮಾಡುತ್ತಾರೆ, ಹಳಬರು ಹೀಗೇ ತಣ್ಣಗಿರುತ್ತಾರೆ. ಇದು ಹಳಬರ ಪೈಕಿ. ಗೂಡಿನೊಳಗೆ ಹೋಗಿ ಒಸಡು ನೋಡಿದಳು, ಹಲ್ಲು ನೋಡಿದಳು. ಪಾದದ ಅಡಿ ಒತ್ತಿದಳು, ಪಕ್ಕೆಲುಬು ಎಣಿಸಿದಳು. ಕಿವಿಯನ್ನೂ ಮಡಚಿ ಒಳಗೆ ಉಣ್ಣೆಹುಳ ಇದೆಯೇ ಎಂದು ಹುಡುಕಿದಳು. ಚೊಕ್ಕಟವಾಗಿತ್ತು. ಎದ್ದುನಿಂತು ಅಂಗೈ ಕೆಳಗೆ ಒತ್ತಿ "ಕೂತ್ಕೋ" ಎಂದಳು. ನಾಯಿ ತಟ್ಟನೆ ಕೂತಿತು.

"ಏನು ತಪ್ಪಿದೆ ಇದ್ರಲ್ಲಿ?" ಎಂದು ಮೇಡಂ ಅವರನ್ನು ಕೇಳಿದಳು.

"ಎರಡು ಮನೆಯಿಂದ ವಾಪಸ್ ಬಂದಿದೆ."

"ಯಾಕೆ?"

"ಹೊಂದ್ಕೊಳ್ಳಲಿಲ್ಲ."

"ನಾಯಿ ಹೊಂದ್ಕೊಳ್ಳಲಿಲ್ವಾ, ಮನೆಯೋರು ಹೊಂದ್ಕೊಳ್ಳಲಿಲ್ವಾ?"

ಮೇಡಂ ನಕ್ಕು ಬೀಗದ ಕೈ ಹುಡುಕತೊಡಗಿದರು. "ಹದಿನೈದು ದಿನ ಇಟ್ಕೊಂಡು ನೋಡಿ. ನಾನೇ ಬರ್ತೀನಿ. ಬೇಡ ಅಂದ್ರೆ ಕರ್ಕೊಂಡು ಹೋಗ್ತೀನಿ, ಬೇಕು ಅಂದ್ರೆ ಸಹಿ ಹಾಕಿ. ಅಂದ ಹಾಗೆ, ನಾಯಿ ಯಾಕೆ ಬೇಕು ನಿಮಗೆ?"

"ಮಗುವಿಗೆ," ಎಂದಳು ಚಿಕ್ಕಮ್ಮ. ಅವಳೂ ಕಣ್ಣು ತಪ್ಪಿಸಿದಳು.

ಬಣ್ಣ ನೋಡಿ ಪುಟ್ಟಿ ಅದಕ್ಕೆ ಸುಣ್ಣ ಎಂದು ಹೆಸರಿಟ್ಟಳು. ಮೇಡಂ ಒಂದು ಚೀಟಿ ಕೊಟ್ಟಿದ್ದರು. ಊಟದ ಬಟ್ಟಲು ದಿನಾ ಒಂದೇ ಕಡೆ ಇಡಿ, ತಿನ್ನುವಾಗ ಕೈ ಹಾಕಬೇಡಿ, ಮೊದಲ ವಾರ ಹಗ್ಗವಿಲ್ಲದೆ ಹೊರಗೆ ಬಿಡಬೇಡಿ, ಅದು ತಾನಾಗಿ ಹತ್ತಿರ ಬರುವವರೆಗೆ ತಬ್ಬಿಕೊಳ್ಳಬೇಡಿ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿತ್ತು: ಮಲಗಿದ್ದಾಗ ಹಿಂದಿನಿಂದ ಮುಟ್ಟಬೇಡಿ.

"ಎಲ್ಲಾ ನಾಯಿಗೂ ಬರೆಯೋ ಮಾತಿಗೆ ಎರಡು ಗೆರೆ ಯಾಕೆ?" ಚಿಕ್ಕಮ್ಮ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದು ಕಚ್ಚುತ್ತೆ. ಅದಕ್ಕೇ ಎರಡು ಮನೆಯೋರು ಓಡಿಸಿರೋದು."

ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕಾಯುವುದೆಂದರೆ ಬೈಯುವುದಲ್ಲ. ಮೊಟ್ಟೆ ಬೇಯಿಸಿ ಹಿಚುಕಿ ಹಾಕಿದಳು, ಜಂತುಹುಳುವಿನ ಮಾತ್ರೆ ನುಂಗಿಸಿದಳು, ಹಳೆಯ ಕಂಬಳಿ ಒಗೆದು ಹಾಸಿದಳು. ಆದರೆ ಪುಟ್ಟಿ ನಾಯಿಯ ಪಕ್ಕ ಕೂತರೆ ಇವಳು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದೇ ನಿಂತಿರುತ್ತಿದ್ದಳು. ಸುಣ್ಣ ಕಚ್ಚಲಿಲ್ಲ. ಕರೆದರೆ ಬರುತ್ತಿತ್ತು, ಕೂರು ಎಂದರೆ ಕೂರುತ್ತಿತ್ತು. ಕರೆಯುವಾಗ ಆ ಮನೆಯವರ ಕೈಯೂ ಕರೆಯುತ್ತಿತ್ತು. ಅದು ಯಾರ ಗಮನಕ್ಕೂ ಬರಲಿಲ್ಲ.

ಮೊದಲ ಮೂರು ದಿನ ಬಾಗಿಲಿಗೆ ಯಾರು ಬಂದರೂ ನಾಯಿಗೆ ಪರಿವೆಯೇ ಇರಲಿಲ್ಲ. ಪುಟ್ಟಿ ರಸ್ತೆಗೆ ನಡೆದ ದಿನದಿಂದ ಟೈಲರನ ಹೆಂಡತಿಯೇ ಅವಳನ್ನು ಸಂಜೆವರೆಗೆ ತಮ್ಮ ಅಂಗಡಿಯಲ್ಲಿ ಕೂರಿಸಿಕೊಳ್ಳುತ್ತಿದ್ದಳು. "ಸುಣ್ಣಂಗೆ ಹೊಸ ಜಾಗ, ಪಾಪ," ಎಂದಳು ಪುಟ್ಟಿ. ಆರನೆಯ ದಿನದ ಹೊತ್ತಿಗೆ ಇದ್ದಕ್ಕಿದ್ದಂತೆ ನಾಯಿ ಬಾಗಿಲು ತಟ್ಟಿದೊಡನೆ ಎದ್ದು ಬೊಗಳತೊಡಗಿತು. ಓಡಿಹೋಗಿ ಅಜ್ಜಿಯ ಮಂಡಿಗೆ ಮೂತಿ ಒತ್ತುತ್ತಿತ್ತು. ಪುಟ್ಟಿ ಮೂರು ಗಂಟೆಗೆ ಮನೆಯೊಳಗಿರುತ್ತಿದ್ದಳು. ಚಿಕ್ಕಪ್ಪ, "ಸರಿ, ನಿನ್ನ ನಾಯಿ ಗೆದ್ದಿತು," ಎಂದ.

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ನೆಮ್ಮದಿಯಾಗುತ್ತಿದ್ದರು. ಚಿಕ್ಕಮ್ಮನಿಗೆ ಅಲ್ಲಿಂದಲೇ ತಲೆ ಕೆಟ್ಟಿತು. ಕುಕ್ಕರು ಕೂಗಿದರೆ ನಾಯಿ ತಿರುಗಿ ನೋಡುತ್ತಿರಲಿಲ್ಲ. ಹೊರಗೆ ಲಾರಿಯ ಟಯರು ಢಂ ಎಂದು ಸಿಡಿದು ಪುಟ್ಟಿ ಮಂಚದಡಿಗೆ ನುಗ್ಗಿದ ದಿನವೂ ಅದು ಆಕಳಿಸಿತಷ್ಟೆ. ಬಾಗಿಲಿಗೆ ಮಾತ್ರ ಅದರ ಕಿವಿ! ಬಟ್ಟೆಯಲ್ಲಿ ತಪ್ಪು ಎಲ್ಲೆಂದರಲ್ಲಿ ಕಂಡರೆ ಅದು ನೂಲಿನದು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ ಯಾರದೋ ಕೈವಾಡ, ಮಗ್ಗವನ್ನು ಯಾರೋ ಮುಟ್ಟಿದ್ದಾರೆ. ಇದು ಎರಡನೆಯ ಬಗೆಯದು.

ಅಜ್ಜಿಯೂ ಬದಲಾಗಿದ್ದಳು. ನಾಯಿ ಬೇಡವೆಂದವಳು ಅದರ ಕಂಬಳಿಯನ್ನು ತಾನೇ ಎಳೆದು ಬಾಗಿಲ ಪಕ್ಕದ ಗೋಡೆಗೆ ಹಾಕಿದ್ದಳು. ಡಬ್ಬಿಯ ಬಿಸ್ಕತ್ತು ಕರಗುತ್ತಿತ್ತು. ಯಾರಾದರೂ ಬಾಗಿಲ ಪಕ್ಕ ಗುಡಿಸಲು ಹೋದರೆ, "ಬಿಡು, ನಾನು ಗುಡಿಸ್ತೀನಿ," ಎಂದು ಪೊರಕೆ ಕಿತ್ತುಕೊಳ್ಳುತ್ತಿದ್ದಳು.

"ಅತ್ತೆ, ಈ ನಾಯಿಗೆ ಕೆಲವು ಸದ್ದು ಕೇಳುತ್ತೆ, ಕೆಲವು ಕೇಳಲ್ಲ, ಗಮನಿಸಿದ್ರಾ?"

"ನಿನ್ನ ಗಂಡನೂ ಹಾಗೇ. ಅವನನ್ನ ವಾಪಸ್ ಕಳಿಸಿದ್ಯಾ?"

ಚಿಕ್ಕಮ್ಮ ನಗಲಿಲ್ಲ. ಮಧ್ಯಾಹ್ನ ಅತ್ತೆ ಯಾರನ್ನೋ ಒಳಗೆ ಬಿಡುತ್ತಿದ್ದಾಳೆ, ನಾಯಿಗೆ ಹೊಡೆದು ಏನೋ ಪಾಠ ಕಲಿಸುತ್ತಿದ್ದಾಳೆ ಎಂದೆಲ್ಲ ಅವಳ ತಲೆಗೆ ಬಂತು. ಹದಿಮೂರನೆಯ ದಿನ ಅರ್ಧ ದಿನ ರಜೆ ಹಾಕಿ, ಯಾರಿಗೂ ಹೇಳದೆ, ಎರಡು ಗಂಟೆಗೆ ಮನೆಯ ಹತ್ತಿರ ಬಂದಳು. ಬಾಗಿಲಿಗೆ ಹೋಗಲಿಲ್ಲ. ಪಕ್ಕದ ಕಿಟಕಿಯಲ್ಲಿ ಇಣುಕಿದಳು.

ಒಳಗೆ ಅಜ್ಜಿ ಬಾಗಿಲಿಗೆ ಬೆನ್ನು ಹಾಕಿ ಚೀಲ ಹೊಲಿಯುತ್ತಿದ್ದಳು. ಸುಣ್ಣ ಕಂಬಳಿಯ ಮೇಲೆ ಎಚ್ಚರವಾಗಿತ್ತು, ಮುಖ ಬಾಗಿಲಿನತ್ತ.

"ಸುಣ್ಣ," ಎಂದಳು ಚಿಕ್ಕಮ್ಮ. ಮೊದಲ ಬಾರಿ ಕೈ ಆಡಿಸದೆ. ನಾಯಿ ಅಲ್ಲಾಡಲಿಲ್ಲ. "ಸುಣ್ಣಾ!" ಎಂದು ಕೂಗಿದಳು. ಎದುರು ಮನೆಯವರು ಹೊರಗೆ ಬಂದರು, ನಾಯಿ ತಿರುಗಲಿಲ್ಲ. ಬೀಗದ ಕೈಗೊಂಚಲಿನಿಂದ ಕಿಟಕಿಯ ಸರಳಿಗೆ ಬಡಿದಳು. ಇಲ್ಲ. ಆಮೇಲೆ ಬಾಗಿಲಿಗೆ ಹೋಗಿ ಒಂದೇ ಬೆರಳಿನಿಂದ, ಮೆಲ್ಲಗೆ ತಟ್ಟಿದಳು. ಒಳಗೆ ಬೊಗಳಿದ ಸದ್ದು. ಅಜ್ಜಿ ಕಿಟಕಿಯಲ್ಲಿ ಮುಖ ಹಾಕಿ ನೋಡಿ, ಅಗುಳಿ ತೆಗೆದಳು.

"ಇಷ್ಟು ಬೇಗ ಬಂದ್ಯಾ? ಮೈ ಹುಷಾರಿಲ್ವಾ?"

ಚಿಕ್ಕಮ್ಮ ನೇರ ಅಡುಗೆಮನೆಗೆ ಹೋಗಿ ಸ್ಟೀಲಿನ ತಟ್ಟೆ ತಂದಳು. ನಾಯಿಯ ಹಿಂದೆ ನಿಂತು, ಎದೆಯ ಎತ್ತರದಿಂದ ಕೈಬಿಟ್ಟಳು. ತಟ್ಟೆ ಗಿರಗಿರನೆ ತಿರುಗಿ, ಉರುಳಿ, ನಿಂತಿತು. ನಾಯಿಯ ಕಿವಿಯ ಒಂದು ಕೂದಲೂ ಅಲ್ಲಾಡಲಿಲ್ಲ.

ಮನೆಯ ಕಿವಿಯಾಗಲಿ ಎಂದು ತಂದದ್ದಕ್ಕೆ ಕಿವಿಯೇ ಇರಲಿಲ್ಲ. ಮೇಡಂ ಬರಲು ಉಳಿದಿರುವುದು ಇನ್ನು ಎರಡು ದಿನ, ಗಂಡನ ಹತ್ತಿರ ಕೇಳಿದ್ದ ತಿಂಗಳ ಗಡುವೂ ಮುಗಿಯುತ್ತ ಬಂದಿತ್ತು. ಬೆಳಕಿನ ಮೇಜು, ಹತ್ತೊಂಬತ್ತು ವರ್ಷ, ಎಲ್ಲವೂ ಆ ತಟ್ಟೆಯ ಜತೆ ನೆಲಕ್ಕೆ ಬಿದ್ದಂತಾಯಿತು. ಆದರೆ ಬಾಗಿಲು? ಬಾಗಿಲು ತಟ್ಟಿದ್ದು ಇದಕ್ಕೆ ಹೇಗೆ ಗೊತ್ತಾಗುತ್ತದೆ?

ಅವಳು ಬಾಗಿಲನ್ನು ಮೇಜಿನ ಮೇಲೆ ಹಾಸಿದ ಬಟ್ಟೆಯಂತೆ ಮೇಲಿನಿಂದ ಕೆಳಗೆ ನೋಡುತ್ತಾ ಬಂದಳು. ಬಿಸಿಲು ಕಿಟಕಿಯಿಂದ ಓರೆಯಾಗಿ ಗೋಡೆಗೆ ಬಿದ್ದಿತ್ತು. ಆಗ ಕಂಡಿತು. ಅಗುಳಿಯಿಂದ ಹೊರಟ ಒಂದು ನೂಲು. ಬಿಳಿಯ ಗೋಡೆಯ ಮೇಲೆ ಬಿಳಿಯ ನೂಲು. ಚೌಕಟ್ಟಿನ ಮೇಲಿನ ಮೊಳೆಯನ್ನು ಬಳಸಿ, ಗೋಡೆಗುಂಟ ಬಿಗಿಯಾಗಿ ಸಾಗಿ, ನಾಯಿಯ ಕಂಬಳಿಯ ಮುಂದೆ, ಗೋಡೆಯ ಇನ್ನೊಂದು ಮೊಳೆಗೆ ಬಂದು, ತುದಿಯಲ್ಲಿ ಬೆರಳುದ್ದದ ಕೆಂಪು ಬಟ್ಟೆಯ ಚೂರಾಗಿ ತೂಗುತ್ತಿತ್ತು. ಊರಿನ ಬಟ್ಟೆಯಲ್ಲೆಲ್ಲ ತಪ್ಪಿದ ಎಳೆ ಹುಡುಕುವವಳಿಗೆ ತನ್ನ ಮನೆಯ ಗೋಡೆಯ ಮೇಲೆ ಒಂದು ವಾರದಿಂದ ಇದ್ದ ಎಳೆ ಕಂಡಿರಲಿಲ್ಲ. ಬಾಗಿಲು ತಟ್ಟಿದಾಗ ಅದುರುವ ಅಗುಳಿಯನ್ನು ಬೆರಳಿನಿಂದ ಮುಟ್ಟಿದಳು. ಕೆಂಪು ಚೂರು ನಡುಗಿತು. ಸುಣ್ಣ ಎದ್ದು ಬೊಗಳಿ, ಹೋಗಿ ಅಜ್ಜಿಯ ಮಂಡಿಗೆ ಮೂತಿ ಇಟ್ಟಿತು. ಅಜ್ಜಿ ಸೆರಗಿನಿಂದ ಬಿಸ್ಕತ್ತಿನ ಚೂರು ತೆಗೆದಳು. ಕಳ್ಳತನ ಸಿಕ್ಕಿಬಿದ್ದ ಮುಖ.

"ಅತ್ತೆ, ನಿಮಗೆ ಯಾವಾಗ ಗೊತ್ತಾಯ್ತು?"

ಅಜ್ಜಿ ಸೂಜಿಗೆ ದಾರ ಪೋಣಿಸುವ ನೆಪ ಮಾಡಿದಳು. "ಬಂದ ದಿನವೇ. ಬೆನ್ನು ಗೋಡೆಗೆ ಕೊಟ್ಟು ಕೂತ್ಕೊಳ್ತು. ನಿಮಿಷಕ್ಕೊಂದ್ಸಲ ತಿರುಗಿ ನೋಡ್ತಿತ್ತು, ಯಾರಾದ್ರೂ ಬಂದ್ರಾ ಅಂತ." ದಾರ ಹೋಗಲಿಲ್ಲ. "ನಾನೂ ಹಾಗೇ ಕೂರೋದು ಕಣೇ. ನೀನು ನೋಡಿಲ್ಲ."

ಅಜ್ಜಿ ತನ್ನ ಕಿವಿಯ ಬಗ್ಗೆ ಬಾಯಿ ಬಿಟ್ಟದ್ದು ಅದೇ ಮೊದಲು. ಚಿಕ್ಕಮ್ಮ ತಟ್ಟೆ ಎತ್ತಿಟ್ಟು ಪಕ್ಕದಲ್ಲಿ ಕೂತಳು.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇಟ್ಕೋತಿದ್ಯಾ?"

ಚಿಕ್ಕಮ್ಮ ಎದ್ದು ನೂಲಿನ ಹತ್ತಿರ ಹೋದಳು. ಅನುಮಾನವೇ ಅವಳ ಕೈ ಹಿಡಿಯಿತು. "ನೂಲು ಹರಿದ್ರೆ?"

"ಹರಿದ್ರೆ ಕೆಂಪು ಬಟ್ಟೆ ಅದರ ಮೂತಿ ಮುಂದೇನೇ ಬೀಳುತ್ತೆ. ಮಗ್ಗದಲ್ಲಿ ನೂಲು ಹರಿದ್ರೆ ತಗಡಿನ ಪಟ್ಟಿ ಬಿದ್ದು ಮಗ್ಗ ನಿಲ್ಲಲ್ವಾ? ಅದೇ ಲೆಕ್ಕ."

"ನಾಯಿ ನಿದ್ದೆ ಹೋದ್ರೆ?"

"ಮೂರು ಗಂಟೆಗೆ ನಾನೇ ಕಾಲಲ್ಲಿ ನೆಲ ಬಡಿದು ಎಬ್ಬಿಸ್ತೀನಿ. ಮಗು ಬರೋ ಹೊತ್ತಲ್ಲಿ ನಮ್ಮಿಬ್ಬರಿಗೂ ನಿದ್ದೆ ಇಲ್ಲ. ಇನ್ನೇನಿದೆ? ಕೇಳು, ಕೇಳು."

ಸಂಜೆ ಚಿಕ್ಕಮ್ಮ ಗಂಡನಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಮುಚ್ಚಿಟ್ಟು ಗೆಲ್ಲುವುದು ಅವಳಿಗೆ ಬಾರದ ವಿದ್ಯೆ.

"ಕಿವುಡಿಗೆ ಕಿವುಡು ಕಾವಲಾ?" ಚಿಕ್ಕಪ್ಪ ತಲೆ ಮೇಲೆ ಕೈ ಹೊತ್ತ.

"ಹೊರಗೆ ಹೋಗಿ ತಟ್ಟಿ ನೋಡಿ."

ಅವನು ಹೋಗಿ ತಟ್ಟಿದ. ಬಾಗಿಲು ತೆರೆಯಿತು. ಮತ್ತೆ ಹೋಗಿ ಬಟ್ಟೆ ಸುತ್ತಿದ ಮುಷ್ಟಿಯಿಂದ ತಟ್ಟಿದ. ತೆರೆಯಿತು. ಐದನೆಯ ಸಲಕ್ಕೆ ಅಜ್ಜಿ, "ಹುಚ್ಚು ಹಿಡಿದಿದೆಯೇನೋ ನಿಂಗೆ?" ಎಂದು ಗದರಿದಳು. ಚಿಕ್ಕಪ್ಪ ನೂಲನ್ನು ಬೆರಳಿನಿಂದ ಮೀಟಿ, ಮೂಲೆಯ ಮೊಳೆಯನ್ನು ನೋಡಿದ. "ಇಲ್ಲಿ ಉಜ್ಜುತ್ತೆ ಅಮ್ಮಾ. ನಾಳೆ ಒಂದು ಚಿಕ್ಕ ಗಾಲಿ ತಂದು ಹಾಕ್ತೀನಿ." ಕೆಲಸ ಬಿಡುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಚಿಕ್ಕಮ್ಮನೂ ಕೆದಕಲಿಲ್ಲ.

ಹದಿನೈದನೆಯ ದಿನ ನಾಯಿಮನೆಯ ಮೇಡಂ ಕಾಗದ ಹಿಡಿದು ಬಂದರು. ಚಿಕ್ಕಮ್ಮ ಕುರ್ಚಿ ಕೊಟ್ಟಳು, ಕುಡಿಯಲು ನೀರು ಕೊಟ್ಟಳು. ಆಮೇಲೆ ಎದುರಿಗೆ ನಿಂತಳು.

"ನಾಯಿಗೆ ಕಿವಿ ಕೇಳಲ್ಲ. ನಿಮಗೆ ಗೊತ್ತಿತ್ತು."

ಮೇಡಂ ಲೋಟ ಕೆಳಗಿಟ್ಟರು. "ಗೊತ್ತಿತ್ತು. ಎರಡು ಮನೆಗೆ ಮೊದಲೇ ಹೇಳಿ ಕೊಟ್ಟೆ. ಪರವಾಗಿಲ್ಲ ಅಂದ್ರು. ಆಮೇಲೆ ಕರೆದು ಕರೆದು ಬೇಜಾರಾಗಿ ವಾಪಸ್ ತಂದ್ರು. ನೀವು ಬಂದ ದಿನ ನಿಮ್ಮ ಕೈ ನೋಡಿದೆ. ಇವರಿಗೆ ಹೇಳದೇ ಇದ್ರೆ ಗೊತ್ತೇ ಆಗಲ್ವೇನೋ ಅನ್ನಿಸ್ತು."

"ಮೋಸ ಅಲ್ವಾ ಇದು?"

"ಮೋಸಾನೇ. ತಪ್ಪಾಯ್ತು ಅಮ್ಮ," ಎಂದರು ಮೇಡಂ. ಆಮೇಲೆ ಚೀಲ ಹೊಲಿಯುತ್ತಿದ್ದ ಅಜ್ಜಿಯತ್ತ ನೋಡಿದರು. "ನಾನು ಬಂದಾಗಿನಿಂದ ಮೂರು ಸಲ ಮಾತಾಡಿಸಿದೆ ಇವರನ್ನ. ನಾಯಿ ಮಗುವಿಗೆ ಅಂದಿದ್ರಲ್ವಾ ನೀವು?"

ಚಿಕ್ಕಮ್ಮ ಪೆನ್ನಿಗೆ ಕೈ ಚಾಚಿದಳು. ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿ, ಹಿಂಬದಿ ತಿರುಗಿಸಿ ನೋಡಿ, 'ನಾಯಿಯ ದೋಷಗಳು' ಎಂದಿದ್ದ ಖಾಲಿ ಜಾಗದಲ್ಲಿ 'ಕಿವಿ ಕೇಳುವುದಿಲ್ಲ' ಎಂದು ದುಂಡಗೆ ಬರೆದು, ಅದರ ಕೆಳಗೆ ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಕೆಲಸಕ್ಕೆ ಹೊರಟಳು. ಹಿಂದೆ ಅಗುಳಿ ಬಿದ್ದ ಸದ್ದಾಯಿತು. ಹತ್ತು ಹೆಜ್ಜೆ ಹೋದವಳು ನಿಂತಳು, ವಾಪಸು ಬಂದಳು, ತಟ್ಟಿದಳು. ನಾಯಿ ಬೊಗಳಿತು. ಕಿಟಕಿಯಲ್ಲಿ ಅಜ್ಜಿಯ ಮುಖ ಬಂತು, ಹುಬ್ಬು ಗಂಟಿಕ್ಕಿತ್ತು. ಅಜ್ಜಿ ಭುಜ ತಟ್ಟಿಕೊಂಡು, ಸರಳಿನ ನಡುವಿನಿಂದ ಕೈ ಹೊರಗೆ ಹಾಕಿ ಗಿರಣಿಯ ದಿಕ್ಕಿಗೆ ಬೆರಳು ತೋರಿಸಿದಳು. ಚಿಕ್ಕಮ್ಮ ಓಡುನಡಿಗೆಯಲ್ಲಿ ಹೊರಟಳು.